ರಝಾಕನ ದ್ವೀಪದ ಸೂರಕ್ಕಿ

ಈಚೆಗೆ ನನಗೊಂದು ಹೊಸ ಚಾಳಿ ಅಂಟಿಕೊಂಡಿದೆ. ಎತ್ತರದ ಜಾಗದಲ್ಲಿ ಯಾರಾದರೂ ಪಕ್ಕದಲ್ಲಿ ನಿಂತರೆ ನನ್ನ ಕೈ ನನ್ನನ್ನು ಕೇಳದೆಯೇ ಹೋಗಿ ಅವರ ಅಂಗಿಯನ್ನು ಹಿಂದಿನಿಂದ ಹಿಡಿದುಕೊಳ್ಳುತ್ತದೆ. ಹೆಂಡತಿಯ ದುಪಟ್ಟಾ, ಮಗಳ ಶಾಲೆಯ ಚೀಲ, ಇವುಗಳಿಂದ ತೊಂದರೆಯಿಲ್ಲ. ಮೊನ್ನೆ ಕಂಪನಿ ಕೆಲಸಕ್ಕೆ ಅಬುಧಾಬಿಯಿಂದ ದುಬೈಗೆ ಹೋಗಿದ್ದವನು ಮೆಟ್ರೋ ಸ್ಟೇಷನ್ನಿನ ಎಸ್ಕಲೇಟರಿನಲ್ಲಿ ಮುಂದೆ ನಿಂತಿದ್ದ ಫಿಲಿಪಿನೋ ಯುವಕನ ಅಂಗಿ ಹಿಡಿದುಬಿಟ್ಟೆ. ಅವನು ತಿರುಗಿ ನೋಡಿದ. ನಾನು 'ಸಾರಿ' ಎಂದೆ. ಅವನು ತನ್ನ ಹಿಂದಿನ ಕಿಸೆಯನ್ನೊಮ್ಮೆ ಮುಟ್ಟಿ ನೋಡಿಕೊಂಡು, 'ನೋ ಪ್ರಾಬ್ಲಮ್ ಸರ್' ಎಂದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕುತ್ತಿಗೆಗೆ ಕಂಪನಿಯ ಗುರುತಿನ ಚೀಟಿ ನೇತು ಹಾಕಿಕೊಂಡ ನನ್ನಂಥ ನರೆಗೂದಲಿನವನನ್ನು ಜೇಬುಗಳ್ಳನೆಂದು ಭಾವಿಸಿದವರಲ್ಲಿ ಅವನೇ ಮೊದಲಿಗ.

ಇದಕ್ಕೆಲ್ಲ ಕಾರಣ ಒಂದು ಹಕ್ಕಿ ಮತ್ತು ರಝಾಕ್. ರಝಾಕನಿಗೆ ಏನೂ ಆಗಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮನ್ನು ಹೆದರಿಸಿ ನನಗೇನೂ ಲಾಭವಿಲ್ಲ. ಆದರೆ ಅವತ್ತಿನಿಂದ ಅವನು ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿಬಿಟ್ಟ. ಅವನು ಬದುಕಿ ಉಳಿದ, ಅವನ ಸ್ನೇಹ ಮಾತ್ರ ಕೈಜಾರಿ ಕೆಳಗೆ ಬಿತ್ತೇನೋ ಎಂಬ ಹೆದರಿಕೆ ನನ್ನನ್ನು ಕಾಡತೊಡಗಿತು.

ರಝಾಕ್ ನನ್ನ ಕಾಲೇಜಿನ ಗೆಳೆಯ. ಮಂಗಳೂರಿನಲ್ಲಿ ನಾವಿಬ್ಬರೂ ಬಿ.ಎಸ್ಸಿ.ಗೆ ಪ್ರಾಣಿಶಾಸ್ತ್ರ ಓದಿದವರು. ಓದಿದವರು ಎನ್ನುವುದಕ್ಕಿಂತ ಫಾರ್ಮಾಲಿನ್ನಿನ ವಾಸನೆ ಕುಡಿದವರು ಎಂದರೆ ಸರಿ. ನಮ್ಮ ವಿಭಾಗದ ಮ್ಯೂಸಿಯಮ್ಮಿನಲ್ಲಿ ಹುಲ್ಲು ತುಂಬಿಸಿದ ಒಂದು ಹದ್ದು ಇತ್ತು. ಅದರ ಒಂದು ಗಾಜಿನ ಕಣ್ಣು ಬಿದ್ದುಹೋಗಿ ಯಾರೋ ಅಲ್ಲಿ ಅಂಗಿಯ ಗುಂಡಿ ಹೊಲಿದಿದ್ದರು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ 'ಸ್ಪಾಟರ್' ಎಂಬ ಶಿಕ್ಷೆಯೊಂದು ಇರುತ್ತಿತ್ತು. ಮೇಜಿನ ಮೇಲೆ ಸಾಲಾಗಿ ಬಾಟಲಿಗಳು, ಎಲುಬುಗಳು, ಹುಲ್ಲು ತುಂಬಿದ ಹಕ್ಕಿಗಳು. ಗಂಟೆ ಬಾರಿಸಿದಾಗ ಮುಂದಿನದಕ್ಕೆ ಸರಿಯಬೇಕು. ಹೆಸರು ಬರೆದರೆ ಸಾಲದು, ಆ ಹೆಸರು ಯಾಕೆ ಎಂದು ಕಣ್ಣಿಗೆ ಕಂಡ ಲಕ್ಷಣ ಬರೆಯಬೇಕು. ನಮ್ಮ ಪಿಂಟೋ ಮೇಡಮ್ಮು ಹೆಸರಿಗೆ ಮಾರ್ಕು ಕೊಡುತ್ತಲೇ ಇರಲಿಲ್ಲ. "ಹೆಸರು ಪಕ್ಕದವನ ಪೇಪರಿನಲ್ಲೂ ಸಿಗ್ತದೆ. ನೀನು ಎಂತ ನೋಡಿದಿ, ಅದು ಹೇಳು," ಎನ್ನುತ್ತಿದ್ದರು.

ಇದರಲ್ಲಿ ರಝಾಕನದು ತಲೆಕೆಳಗಾದ ಪ್ರತಿಭೆ. ಅವನಿಗೆ ಹೆಸರು ಮೊದಲು ಹೊಳೆಯುತ್ತಿತ್ತು, ಲಕ್ಷಣಗಳನ್ನು ಆಮೇಲೆ ಹುಟ್ಟಿಸಿಕೊಳ್ಳುತ್ತಿದ್ದ. ಕ್ಯಾಂಟೀನಿನ ಬನ್ನಿಗೂ ಲ್ಯಾಟಿನ್ ಹೆಸರಿಟ್ಟಿದ್ದ. ಹಾಸ್ಟೆಲ್ ವಾರ್ಡನರನ್ನು 'ಅಕಶೇರುಕ' ವರ್ಗಕ್ಕೆ ಸೇರಿಸಿದ್ದ, ಕಾರಣ ಕೇಳಿದರೆ "ಪ್ರಿನ್ಸಿಪಾಲರ ಎದುರು ನಿಂತಾಗ ನೋಡಿದ್ದೀಯಲ್ಲ, ಬೆನ್ನುಮೂಳೆ ಎಲ್ಲಿ ಉಂಟು?" ಎಂದ. ಕೊನೆಯ ವರ್ಷದ ಪರೀಕ್ಷೆಗೆ ಮುಂಚೆಯೇ ಅವನಿಗೆ ದುಬೈಯ ವೀಸಾ ಬಂತು. ಅಲ್ಲಿಯ ಕರಾಮ ಬಡಾವಣೆಯಲ್ಲಿ ಅವನ ಅಣ್ಣನ ಅಂಗಡಿ. ಕೊನೆಯ ಸ್ಪಾಟರು ಬರೆಯದೆಯೇ ವಿಮಾನ ಹತ್ತಿದ. ನಾನು ಪರೀಕ್ಷೆ ಬರೆದು, ಪದವಿ ಪಡೆದು, ಕೆಲವು ವರ್ಷಗಳ ನಂತರ ಅದೇ ವಿಮಾನ ಹತ್ತಿದೆ. ಈಗ ಅವನು ಹೆಂಡತಿ ಮೈಮೂನಾಳನ್ನೂ ಮಕ್ಕಳನ್ನೂ ಊರಿನಲ್ಲಿ ಬಿಟ್ಟು ಮೊಬೈಲಿನ ಕವರು ಮಾರುತ್ತಾನೆ, ನಾನು ಏರ್ ಕಂಡೀಷನರಿನ ಬಿಡಿಭಾಗಗಳ ಕಂಪನಿಯಲ್ಲಿ ಕೊಟೇಷನ್ ಬರೆಯುತ್ತೇನೆ. ಪ್ರಾಣಿಶಾಸ್ತ್ರ ನಮ್ಮಿಬ್ಬರಿಗೂ ಸಮಾನವಾಗಿಯೇ ಅನ್ನ ಹಾಕಿದೆ.

ಸೂರಕ್ಕಿ ಎಂದರೆ ನಿಮಗೆ ಗೊತ್ತಿರಬಹುದು. ಹೆಬ್ಬೆರಳಿನಷ್ಟು ಹಕ್ಕಿ, ಬಾಗಿದ ಸೂಜಿಯಂಥ ಕೊಕ್ಕು, ದಾಸವಾಳದ ಬುಡಕ್ಕೆ ಕೊಕ್ಕು ತೂರಿಸಿ ಮಕರಂದ ಹೀರುವುದು. ನಾನು ಹುಟ್ಟಿ ಬೆಳೆದದ್ದು ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯ ಹಿಂದಿನ ಲೈನ್ ಮನೆಯಲ್ಲಿ. ಗಾಳಿ ತಿರುಗಿದರೆ ಒಗೆದ ಬಟ್ಟೆಯ ಮೇಲೆಲ್ಲ ಕೆಂಪು ಧೂಳು ಕೂರುತ್ತಿತ್ತು. ಜಗಲಿಯ ಕಂಬಕ್ಕೆ ಒಂದು ಕನ್ನಡಿ ಸಿಕ್ಕಿಸಿಟ್ಟು ಅಪ್ಪ ಶೇವ್ ಮಾಡುತ್ತಿದ್ದರು. ಅದೇ ಸಮಯಕ್ಕೆ ಗಂಡು ಸೂರಕ್ಕಿಯೊಂದು ಬಂದು ಕನ್ನಡಿಯೊಳಗಿನ ತನ್ನ ವೈರಿಯನ್ನು ಕುಕ್ಕತೊಡಗುತ್ತಿತ್ತು. ಅಪ್ಪ ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡು, "ನಿಂದು ಮುಗಿದ ಮೇಲೆ ಹೇಳು ಮಾರಾಯ," ಎಂದು ಪಕ್ಕಕ್ಕೆ ನಿಲ್ಲುತ್ತಿದ್ದರು. ಕಾರ್ಖಾನೆಯ ಸೈರನ್ ಕೂಗಿದರೂ ಹಕ್ಕಿಯ ಜಗಳ ಮುಗಿಯುತ್ತಿರಲಿಲ್ಲ. ಅಪ್ಪ ಒಂದು ಕೆನ್ನೆ ಮಾತ್ರ ಬೋಳಿಸಿಕೊಂಡು ಡ್ಯೂಟಿಗೆ ಹೋದ ದಿನಗಳಿವೆ.

ಹೆಣ್ಣು ಹಕ್ಕಿಗೆ ಇಂಥ ಪೌರುಷಕ್ಕೆ ಪುರುಸೊತ್ತಿಲ್ಲ. ಅದು ನಮ್ಮ ಬಟ್ಟೆ ಒಣಗಿಸುವ ತಂತಿಯ ತುದಿಗೆ ಗೂಡು ಕಟ್ಟಿತ್ತು. ಮೊದಲು ಜೇಡರಬಲೆ ತಂದು ತಂತಿಗೆ ಸುತ್ತುವುದು, ಅದೇ ಅದರ ಗೋಂದು. ಆಮೇಲೆ ಒಣಹುಲ್ಲು, ನಾರು, ಕಾಗದದ ಚೂರು, ತರಗೆಲೆ. ಎಲ್ಲವೂ ಸೇರಿ ನೇತಾಡುವ ಒಂದು ಚೀಲ, ಬದಿಗೊಂದು ಬಾಗಿಲು, ಬಾಗಿಲಿನ ಮೇಲೆ ಚಿಕ್ಕ ಚಾವಣಿ. ಕೆಳಗೆ ಬಾಲದಂತೆ ಕಸ ಇಳಿಬಿಟ್ಟಿರುತ್ತದೆ. ದೂರದಿಂದ ನೋಡಿದವರಿಗೆ ಗಾಳಿಗೆ ಸಿಕ್ಕಿಕೊಂಡ ಕಸದ ಉಂಡೆ ಎನಿಸಬೇಕು. ಅಮ್ಮ ಆ ತಂತಿಯಲ್ಲಿ ಬಟ್ಟೆ ಹಾಕುವುದನ್ನೇ ಬಿಟ್ಟರು. ಒದ್ದೆ ಬಟ್ಟೆಯೆಲ್ಲ ಒಳಗೆ ಮಂಚದ ಸರಳಿನ ಮೇಲೆ ಒಣಗಿ, ನಾವು ಮುಗ್ಗಲು ವಾಸನೆಯ ಚಡ್ಡಿ ತೊಟ್ಟು ಶಾಲೆಗೆ ಹೋದೆವು. "ಅದು ಬಸುರಿ, ನೀವು ಸುಮ್ಮನಿರಿ," ಎಂಬುದು ಅಮ್ಮನ ತೀರ್ಪು.

ಇನ್ನು ಈಗಿನ ಸಂಗತಿ. ನಾವಿರುವುದು ಅಬುಧಾಬಿಯ ಅಲ್ ರೀಮ್‌ನಲ್ಲಿ, ಆರನೇ ಮಹಡಿ. ದೀಪಾವಳಿಗೆ ಬಾಲ್ಕನಿಗೆ ಕಟ್ಟಿದ ಮಿಣುಕು ದೀಪದ ಸರವನ್ನು ನಾನು ತೆಗೆಯುವುದಿಲ್ಲ. ಮುಂದಿನ ದೀಪಾವಳಿಗೆ ಮತ್ತೆ ಕಟ್ಟಬೇಕಲ್ಲ ಎಂಬ ತರ್ಕ. ಆ ಸರದ ತುದಿ ಕಂಬದಾಚೆ, ಬಾಲ್ಕನಿಯ ಕಟಾಂಜನದ ಹೊರಗೆ ಜೋತಾಡುತ್ತಿತ್ತು. ಚಳಿ ಮುಗಿಯುವ ಹೊತ್ತಿಗೆ ಕಂದು ಬಣ್ಣದ ಹಕ್ಕಿಯೊಂದು ಅಲ್ಲಿ ಗೂಡು ಕಟ್ಟಲು ಶುರುಮಾಡಿತು. ನನ್ನ ಹೆಂಡತಿ ವಿನಯಾ ಬಾಲ್ಕನಿಯಲ್ಲಿ ತಟ್ಟೆಗೆ ಹಾಕಿ ಇಟ್ಟಿದ್ದ ಹೂಬತ್ತಿಗಳು ಒಂದೊಂದಾಗಿ ಮಾಯವಾದವು. ದೇವರಿಗೆ ಹೋಗಬೇಕಾದ ಹತ್ತಿ ಸೂರಕ್ಕಿಯ ಬಾಣಂತಿಕೋಣೆಗೆ ಹೋಯಿತು. ಮಗಳನ್ನು ಕರೆದು ತೋರಿಸಿದೆ. "ಕ್ಯೂಟ್. ಬಟ್ ಡ್ಯಾಡಿ, ಇಟ್ ಲುಕ್ಸ್ ಲೈಕ್ ಗಾರ್ಬೇಜ್," ಎಂದಳು. ಹಕ್ಕಿಗೆ ಬೇಕಾಗಿದ್ದುದೂ ಅದೇ ಅಭಿಪ್ರಾಯ.

ಗೂಡಿನ ವಿಷಯ ರಝಾಕನಿಗೆ ಫೋನಿನಲ್ಲಿ ಹೇಳಿದ್ದೇ ತಡ, ಅವನಿಗೆ ಜ್ವರ ಬಂತು. ಯಾಕೆಂದರೆ ಹಿಂದಿನ ಚಳಿಗಾಲದಲ್ಲಿ ಅವನು ಸೊಕೊತ್ರ ದ್ವೀಪಕ್ಕೆ ಹೋಗಿಬಂದಿದ್ದ. ಅರಬ್ಬೀ ಸಮುದ್ರದಲ್ಲಿ, ಆಫ್ರಿಕಾದ ಮೂಗಿನ ಎದುರಿಗೆ ಇರುವ ದ್ವೀಪ ಅದು. ಅಬುಧಾಬಿಯಿಂದಲೇ ವಿಮಾನ. ಎಲ್ಲರೂ ಅಲ್ಲಿಯ ಕೊಡೆಯಾಕಾರದ ಮರಗಳ ಫೋಟೋ ತಂದರೆ ಇವನು ಒಂದು ಹಕ್ಕಿಯ ಫೋಟೋ ತಂದ. ಆ ಫೋಟೋದಲ್ಲಿ ಹಕ್ಕಿ ಖರ್ಜೂರದ ಬೀಜದಂತೆ ಕಾಣುತ್ತದೆ. ಅದು ಆ ದ್ವೀಪ ಬಿಟ್ಟು ಬೇರೆಲ್ಲೂ ಇಲ್ಲದ ಸೂರಕ್ಕಿ. ವಿಶೇಷವೆಂದರೆ ಬೇರೆ ಸೂರಕ್ಕಿಗಳಲ್ಲಿರುವಂತೆ ಅದರಲ್ಲಿ ಗಂಡಿಗೆ ಮಿರುಗುವ ಬಣ್ಣವಿಲ್ಲ. ಗಂಡು ಹೆಣ್ಣು ಎರಡೂ ಒಂದೇ, ಬೂದುಕಂದು ಬೆನ್ನು, ಬಿಳಿಚಿಕೊಂಡ ಹೊಟ್ಟೆ, ಕೊರಳ ಪಕ್ಕ ಮೀಸೆಯಂಥ ಕಪ್ಪು ಗೆರೆ. ಇಷ್ಟು ಸಾದಾ ಹಕ್ಕಿಯ ಮೇಲೆ ಯಾಕಿಷ್ಟು ಪ್ರೀತಿ ಎಂದು ಕೇಳಿದ್ದೆ.

"ಶೋ ಇಲ್ಲ ಮಾರಾಯ ಅದಕ್ಕೆ. ಗಂಡಸೂ ಹೆಂಗಸೂ ಒಂದೇ ಅಂಗಿ. ಮನೆ ನೋಡಿದರೆ ಗಾಳಿಯಲ್ಲಿ ನೇತಾಡುವುದು. ನಮ್ಮ ಹಾಗೆ," ಎಂದಿದ್ದ.

ಅದರ ವರ್ಗೀಕರಣದ ಕಥೆಯನ್ನೂ ಓದಿಕೊಂಡಿದ್ದ. ಒಂದು ಕಾಲದಲ್ಲಿ ಲೋಕದ ಬಹುಪಾಲು ಸೂರಕ್ಕಿಗಳನ್ನು ಒಂದೇ ದೊಡ್ಡ ಕುಲದಲ್ಲಿ ತುಂಬಿಸಿಟ್ಟಿದ್ದರು. ನಮ್ಮೂರಿನವರು ಅಬುಧಾಬಿ, ಶಾರ್ಜಾ, ಮಸ್ಕತ್ ಎಲ್ಲಿದ್ದವರನ್ನೂ 'ದುಬೈಯಲ್ಲಿರೋದು' ಎನ್ನುವ ಹಾಗೆ. ಆಮೇಲೆ ಪಂಡಿತರು ಕೂತು ಆ ಗುಂಪನ್ನು ಬಿಡಿಸಿದರು. ದ್ವೀಪದ ಹಕ್ಕಿ ಆಫ್ರಿಕಾದ ಕೆಲವು ದೊಡ್ಡ ಸೂರಕ್ಕಿಗಳ ಜೊತೆ ಹೋಗಿ ಸೇರಿತು; ಅಲ್ಲಿ ಸರಿಯಾಗಿ ಒಗ್ಗಿದೆಯೋ ಇಲ್ಲವೋ ಎಂಬ ಅನುಮಾನವೂ ಇದೆಯಂತೆ. "ಪಾಪದ್ದು. ಇದ್ದ ಕೊಂಬೆಯಲ್ಲೇ ಕೂತಿತ್ತು, ವೀಸಾ ಕೊಡುವ ಸ್ಪಾನ್ಸರ್ ಮಾತ್ರ ಬದಲಾದ," ಎಂದು ರಝಾಕ್ ವಿವರಿಸಿದ್ದ.

ಶನಿವಾರ ದುಬೈಯಿಂದ ಬಸ್ಸು ಹಿಡಿದು ಬಂದ. ಕೈಯಲ್ಲಿ ಎಂದಿನಂತೆ ಕರಾಮದ ಹೋಟೆಲಿನ ಗೋಳಿಬಜೆ. ಚಪ್ಪಲಿಯ ಬದಲು ಶೂ ಹಾಕಿದ್ದ, ಅದನ್ನು ಬಿಚ್ಚಿ ಸಾಕ್ಸಿನಲ್ಲೇ ಬಾಲ್ಕನಿಗೆ ನಡೆದ.

"ಗಂಡು ಎಲ್ಲಿ?" ಎಂದು ಕೇಳಿದ.

"ಇವತ್ತಿನವರೆಗೂ ಕಂಡಿಲ್ಲ. ಕಂದು ಹಕ್ಕಿಯೇ ಬಂದು ಹೋಗುವುದು."

"ಒಂದೇ ಕಂದು ಹಕ್ಕಿ ಅಂತ ನಿನಗೆ ಹೇಗೆ ಗೊತ್ತು? ಎರಡೂ ಕಂದು ಇದ್ದರೆ?"

ಅವನ ಕಣ್ಣು ನೋಡಿದಾಗಲೇ ತಿಳಿಯಿತು, ಹೆಸರು ಹೊಳೆದಾಗಿದೆ, ಇನ್ನು ಲಕ್ಷಣ ಹುಡುಕುವುದು ಮಾತ್ರ ಬಾಕಿ. ಅಷ್ಟು ದೂರದ ದ್ವೀಪದ ಹಕ್ಕಿ ಇಲ್ಲಿಗೆ ಹೇಗೆ ಬರುತ್ತದೆ ಎಂದೆ. "ಗಾಳಿಗೆ ಬಂದಿರ್ಲಿಕ್ಕಿಲ್ವಾ? ನಿಮ್ಮದೂ ದ್ವೀಪವೇ ಅಲ್ವಾ ಇದು?" ಎಂದ. ಸೇತುವೆಗಳ ಮೇಲೆ ಇಡೀ ದಿನ ಟ್ರಾಫಿಕ್ಕು ಜಾಮಾಗುವ ಈ ಊರು ದ್ವೀಪವೆಂಬುದನ್ನು ನಾನು ಮರೆತೇ ಬಿಟ್ಟಿದ್ದೆ. ಊರಿನಲ್ಲೂ ಇಲ್ಲಿಯೂ ಸಾಮಾನ್ಯವಾಗಿರುವ ನೇರಳೆ ಸೂರಕ್ಕಿಯ ಹೆಣ್ಣು ಇದು, ಅದೂ ಕಂದೇ ಇರುತ್ತದೆ, ಎಂಬುದು ನನ್ನ ವಾದ.

"ನೇರಳೆಯದ್ದಾದರೆ ಹೊಟ್ಟೆ ಹಳದಿ ಬರಬೇಕು. ನನ್ನದ್ದಾದರೆ ಬಿಳಿ. ನೀನು ಹೊಟ್ಟೆ ನೋಡಿದ್ದೀಯಾ?"

ನೋಡಿರಲಿಲ್ಲ. ಗೂಡು ಕಂಬದ ಆಚೆ, ಬಾಗಿಲು ಸಮುದ್ರದ ಕಡೆಗೆ. ಹಕ್ಕಿ ಬಂದರೆ ಬೆನ್ನು ಮಾತ್ರ ಕಾಣುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಟ್ಟು ಗೋಳಿಬಜೆ ತಿನ್ನುತ್ತಿದ್ದರು. ನಾವು ಪಿಂಟೋ ಮೇಡಮ್ಮಿನ ಕೈಯಲ್ಲಿ ಪಳಗಿದವರು, ಲಕ್ಷಣ ಕಾಣದೆ ಬಿಡುವ ಹಾಗಿಲ್ಲ. ರಝಾಕ್ ಪ್ಲಾಸ್ಟಿಕ್ ಸ್ಟೂಲನ್ನು ಎಳೆದು ಅದರ ಮೇಲೆ ಹತ್ತಿದ. ಎಡಗೈಯಲ್ಲಿ ಕಂಬ, ಬಲಗೈಯಲ್ಲಿ ಮೊಬೈಲು.

"ಸಾಕು, ಇಳಿ," ಎಂದೆ.

"ಇರು. ಬಾಗಿಲು ಕಾಣ್ತಾ ಉಂಟು."

ವಿನಯಾ ಆಗಷ್ಟೇ ಬಸಳೆಯ ಕುಂಡಗಳಿಗೆ ನೀರು ಹಾಕಿದ್ದಳು. ನೆಲ ಒದ್ದೆ. ಸ್ಟೂಲಿನ ಕಾಲು ಜಾರಿದ ಸದ್ದು ಬಹಳ ಚಿಕ್ಕದು, ಬಾಟಲಿಯ ಮುಚ್ಚಳ ತಿರುಗಿಸಿದಷ್ಟು. ಆಮೇಲಿನದ್ದನ್ನು ನಾನು ದಿನವೂ ನೋಡುತ್ತೇನೆ. ಆಫೀಸಿನಲ್ಲಿ, ಲಿಫ್ಟಿನಲ್ಲಿ, ಕೊಟೇಷನ್ನಿನ ಎರಡು ಸಾಲಿನ ನಡುವೆ. ರಝಾಕನ ಸೊಂಟ ಕಟಾಂಜನದ ಮೇಲೆ, ತಲೆ ಆಚೆ. ಕಾಲುಗಳು ನೆಲ ಬಿಟ್ಟು ನಿಧಾನವಾಗಿ, ತಕ್ಕಡಿಯ ಹಗುರವಾದ ತಟ್ಟೆಯಂತೆ, ಮೇಲಕ್ಕೆ ಏಳುತ್ತಿವೆ. ನನ್ನ ಕೈಗೆ ಅಂಗಿ ಸಿಕ್ಕಿತು. ಅಂಗಿ ಪ್ಯಾಂಟಿನಿಂದ ಹೊರಬಂದು ಉದ್ದವಾಗುತ್ತಾ ಹೋಯಿತು. ಇನ್ನೊಂದು ಕೈಗೆ ಬೆಲ್ಟು ಸಿಕ್ಕಿತು. ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ವಿನಯಾ ಒಳಗಿಂದ ಓಡಿಬಂದು ಅವನ ಎರಡೂ ಪಾದಗಳನ್ನು ಅಪ್ಪಿ ಹಿಡಿದು ನೆಲಕ್ಕೆ ಕೂತುಬಿಟ್ಟಳು. ಅವಳ ಭಾರಕ್ಕೆ ಅವನು ಈಚೆಗೆ ಬಂದ.

ಮೂವರೂ ಒದ್ದೆ ನೆಲದ ಮೇಲೆ ಕೂತಿದ್ದೆವು. ಕೆಳಗಿನ ತೋಟದಿಂದ ಸೆಕ್ಯೂರಿಟಿಯವನು ರಝಾಕನ ಮೊಬೈಲು ಎತ್ತಿಕೊಂಡು ಮೇಲೆ ಬಂದ. ಆರು ಮಹಡಿ ಬಿದ್ದಿದ್ದರೂ ಅದಕ್ಕೆ ಗೀರೂ ಬಿದ್ದಿರಲಿಲ್ಲ. ರಝಾಕ್ ಅದನ್ನು ತಿರುಗಿಸಿ ನೋಡಿ, "ನಮ್ಮ ಅಂಗಡಿಯ ಕವರು," ಎಂದ. ಆಮೇಲೆ ಶೂ ಹಾಕಿಕೊಂಡು, ಲೇಸು ಕಟ್ಟಲಾಗದೆ ಹಾಗೆಯೇ ಹೊರಟುಹೋದ.

ಅಂದೇ ನಾನು ಬಾಲ್ಕನಿಯ ಬಾಗಿಲಿಗೆ ಬೀಗ ಹಾಕಿದೆ. ರಝಾಕ್ ಬರಲಿಲ್ಲ. ಶನಿವಾರ ಬಂದಾಗಲೆಲ್ಲ ಅವನಿಗೆ ಏನಾದರೊಂದು ಅಡ್ಡ ಬರುತ್ತಿತ್ತು. ಅಂಗಡಿಗೆ ಮಾಲು ಬರುವುದುಂಟು, ಅಲ್ ಕೂಜ್‌ನ ಗೋದಾಮಿಗೆ ಹೋಗ್ಲಿಕ್ಕುಂಟು, ಬೆನ್ನು ಹಿಡಿದಿದೆ. ಫೋನು ಮಾಡಿದರೆ ಸೆಖೆಯ ಬಗ್ಗೆ ಮಾತಾಡುತ್ತಿದ್ದ. ಪರೀಕ್ಷೆ ಬಂದಾಗ ಹಾಸ್ಟೆಲಿನ ಒಂದೇ ಮಂಚದಲ್ಲಿ ಮಲಗಿ ಓದಿದ ಇಬ್ಬರು ಸೆಖೆಯ ಬಗ್ಗೆ ಮಾತಾಡತೊಡಗಿದರೆ ಅದರ ಅರ್ಥ ಏನೆಂದು ಕೊಲ್ಲಿಯಲ್ಲಿರುವವರಿಗೆಲ್ಲ ಗೊತ್ತು. ಇಲ್ಲಿ ಸೆಖೆ ಸುದ್ದಿಯೇ ಅಲ್ಲ.

"ಹೆದರಿದ್ದಾರೆ. ಸ್ವಲ್ಪ ದಿನ ಬಿಡಿ," ಎಂದಳು ವಿನಯಾ.

ನಾನು ಬಿಡಲಿಲ್ಲ. ಒಂದು ಬೆಳಿಗ್ಗೆ ಗಾಜಿನ ಈಚೆಯಿಂದ ನೋಡುತ್ತಿದ್ದಾಗ ಕಟಾಂಜನದ ಮೇಲೆ ಗಂಡು ಬಂದು ಕೂತಿತು. ಮಸಿಕಪ್ಪು, ಕತ್ತು ಹೊರಳಿಸಿದಾಗ ಬಿಸಿಲಿಗೆ ನೇರಳೆ, ನೀಲಿ. ಅಪ್ಪನ ಕನ್ನಡಿಯೊಡನೆ ಜಗಳವಾಡುತ್ತಿದ್ದವನ ವಂಶವೇ. ಬಾಯಲ್ಲಿದ್ದ ಹುಳವನ್ನು ಗೂಡಿಗೆ ಕೊಟ್ಟು ಹಾರಿತು. ಮರಿಗಳಾಗಿದ್ದವು. ರಝಾಕನ ದ್ವೀಪ ಅಲ್ಲಿಗೆ ಮುಳುಗಿತು. ನಾನು ಅವನಿಗೆ ಫೋನು ಮಾಡಿದೆ.

"ಗಂಡು ಬಂದಿತ್ತು."

"ಬಣ್ಣ?"

"ಫೋನಿನಲ್ಲಿ ಹೇಳುವುದಿಲ್ಲ. ಬೇಕಾದರೆ ಬಂದು ನೋಡು."

"ನೀನು ಭಾರೀ ಕಳ್ಳ ಮಾರಾಯ," ಎಂದ. ಆದರೆ ಶನಿವಾರ ಬಂದ. ಈ ಸಲ ಕೈಯಲ್ಲಿ ಗೋಳಿಬಜೆ ಇರಲಿಲ್ಲ. ಸೋಫಾದಲ್ಲಿ ಬಾಲ್ಕನಿಗೆ ಬೆನ್ನು ಹಾಕಿ ಕೂತ. ಎಷ್ಟೋ ಹೊತ್ತಿನ ಮೇಲೆ ಎದ್ದು ಗಾಜಿನ ಹತ್ತಿರ ಹೋದ. ನಾನು ಹಿಂದೆಯೇ ಹೋದೆ. ಬಾಗಿಲಿಗೆ ಬೀಗವಿದ್ದರೂ ಇಬ್ಬರಿಗೂ ನಿಲ್ಲಲು ಧೈರ್ಯ ಸಾಲದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆವು. ಕಂಬದಾಚೆಯಿಂದ ಮರಿಗಳ ಸದ್ದು ಗಾಜಿನ ಮೂಲಕ ಸಣ್ಣಗೆ ಕೇಳುತ್ತಿತ್ತು.

"ಹಳದಿ," ಎಂದ ರಝಾಕ್.

"ಏನು?"

"ಅದರ ಹೊಟ್ಟೆ. ನೀನು ಎಂತ ತೋರಿಸ್ತಿ ನನಗೆ? ಅವತ್ತೇ ನೋಡಿಯಾಗಿದೆ." ಅವನು ನನ್ನ ಕಡೆ ನೋಡಲಿಲ್ಲ. "ತಲೆ ಕೆಳಗೆ ಹೋಯ್ತಲ್ಲ, ಆಗ ಗೂಡಿನ ಬಾಗಿಲು ನನ್ನ ಮೂಗಿನ ಎದುರೇ. ಅದು ಗಾಬರಿಯಾಗಿ ಹೊರಗೆ ಬಂತು. ಹೊಟ್ಟೆ ಹಳದಿ. ಛೆ, ಇದು ನಮ್ಮೂರಿದ್ದೇ, ಅಂತ ಅನಿಸಿತು. ಅಷ್ಟೇ ಅನಿಸಿದ್ದು, ಮಾರಾಯ."

ರಝಾಕ್ ಗಾಜಿಗೆ ಹಣೆ ತಾಗಿಸಿದ.

"ಮೈಮೂನಾ ನೆನಪಾಗಲಿಲ್ಲ. ಮಕ್ಕಳು ಇಲ್ಲ. ಅಲ್ಲಾಹನ ಹೆಸರೂ ಬಾಯಿಗೆ ಬರಲಿಲ್ಲ. ಸಾಯ್ಲಿಕ್ಕೆ ಹೋಗುವ ಮನುಷ್ಯ ಹಕ್ಕಿಯ ಹೊಟ್ಟೆ ನೋಡಿದ. ಇಲ್ಲಿಗೆ ಬಂದರೆ ನೀನು ಕೇಳ್ತಿ, ಆಗ ಎಂತ ಅನಿಸಿತು ಅಂತ. ಎಂತ ಹೇಳುವುದು? ಊರಿಂದ ಮೈಮೂನಾ ದಿನಾ ಫೋನ್ ಮಾಡ್ತಾಳೆ, ಊಟ ಆಯ್ತಾ ಅಂತ ಕೇಳ್ತಾಳೆ. ಅವಳ ಹತ್ರ ಮಾತಾಡ್ಲಿಕ್ಕೆ ನಾಚಿಕೆ ಆಗ್ತದೆ ನನಗೆ."

ಅವನು ಹೆದರಿ ದೂರವಾದನೆಂದು ಅಷ್ಟು ದಿನ ನಾನು ನಂಬಿದ್ದೆ. ಅವನ ಮನಸ್ಸಿನಲ್ಲಿ ಕೂತದ್ದು ಈ ನಾಚಿಕೆ. ಹಿಂದೆ ಚಹಾ ಹಿಡಿದುಕೊಂಡು ನಿಂತಿದ್ದ ವಿನಯಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು ಎಂದು ಕಾಣುತ್ತದೆ.

"ರಝಾಕಣ್ಣ, ನಿಮ್ಮ ಕಾಲು ಹಿಡಿದಾಗ ನನಗೆ ಎಂತ ಅನಿಸಿತು ಗೊತ್ತುಂಟಾ?" ಎಂದಳು.

"ಎಂತ?"

"ನಿಮ್ಮ ಎಡಗಾಲಿನ ಸಾಕ್ಸಿನಲ್ಲಿ ತೂತು ಉಂಟು ಅಂತ. ಹೆಬ್ಬೆರಳು ಪೂರ್ತಿ ಹೊರಗೆ. ಇಷ್ಟು ದೊಡ್ಡ ಅಂಗಡಿ ಇಟ್ಟುಕೊಂಡವರಿಗೆ ಒಂದು ಸಾಕ್ಸ್ ತಗೊಳ್ಳಲಿಕ್ಕೆ ಆಗುದಿಲ್ವಾ ಅಂತ. ಬಿಡಬಾರದು ಅಂತ ಕೂಡ ಅನಿಸಲಿಲ್ಲ. ಕೈ ಹಿಡಿದಿತ್ತು, ಅಷ್ಟೇ."

ರಝಾಕ್ ಮೊದಲು ತನ್ನ ಕಾಲು ನೋಡಿಕೊಂಡ. ಆಮೇಲೆ ನಗತೊಡಗಿದ. ಹಾಸ್ಟೆಲಿನಲ್ಲಿ ನಗುತ್ತಿದ್ದ ಹಾಗೆ, ಸದ್ದಿಲ್ಲದೆ, ಭುಜ ಮಾತ್ರ ಕುಣಿಸುತ್ತಾ. ನಗುತ್ತಲೇ ಕಣ್ಣೊರೆಸಿಕೊಂಡು ಚಹಾ ಕುಡಿದ. ಲೋಟ ಕೆಳಗಿಟ್ಟು ಮೊಬೈಲು ತೆಗೆದು ಊರಿಗೆ ಫೋನು ಹಚ್ಚಿದ.

ಅವನು ಹೆಂಡತಿಯ ಜೊತೆ ಮಾತಾಡುವುದು ಬ್ಯಾರಿ ಭಾಷೆಯಲ್ಲಿ, ನನಗೆ ಅರ್ಧಂಬರ್ಧ ತಿಳಿಯುತ್ತದೆ. ಒಂದು ವಿಷಯ ಹೇಳಲಿಕ್ಕುಂಟು, ಮೊದಲು ಕೂತುಕೋ, ನನಗೆ ಏನೂ ಆಗಿಲ್ಲ, ಎಂದ. ಆಮೇಲೆ ಬಾಲ್ಕನಿ, ಸ್ಟೂಲು, ಹಕ್ಕಿ ಎಂಬ ಶಬ್ದಗಳು ಬಂದವು. ನಂತರ ಆ ಕಡೆಯಿಂದ ಮೈಮೂನಾಳ ದನಿ ಏರತೊಡಗಿತು. ಏರಿ, ಒಡೆದು, ಮತ್ತೆ ಏರಿತು. ರಝಾಕ್ ಮೊಬೈಲನ್ನು ಕಿವಿಯಿಂದ ಚೂರು ದೂರ ಹಿಡಿದು, ತಲೆ ತಗ್ಗಿಸಿ, ಒಂದು ಬೈಗುಳವೂ ತಪ್ಪಿಹೋಗದಂತೆ ಸುಖವಾಗಿ ಕೇಳುತ್ತಾ ಕೂತ.